#ಮೆಜೆಸ್ಟಿಕ್ ಅಂದರೆ ಯಾವ ಮೆಜೆಸ್ಟಿಕ್?

ನಮ್ಮ ಮೆಟ್ರೋ ನಕ್ಷೆಯನ್ನು ಎಸ್‌ವಿಜಿ ಫೈಲ್ (ಗೆರೆ, ಆಕಾರಗಳನ್ನು ಕೋಡ್‌ನಲ್ಲಿ ಬರೆದಿಡುವ ಚಿತ್ರ) ಆಗಿ ಮಾಡಿದ್ದೀರಿ ಅಂದುಕೊಳ್ಳಿ. ನೇರಳೆ, ಹಸಿರು ಮಾರ್ಗಗಳು ಸೇರುವ ಭಾಗಕ್ಕೆ ಒಂದು ‘ವ್ಯೂ’ ಮಾಡಿ, ‘ಮೆಜೆಸ್ಟಿಕ್’ ಎಂದು ಐಡಿ ಕೊಟ್ಟಿದ್ದೀರಿ. ಲಿಂಕ್‌ನ ಕೊನೆಗೆ #ಮೆಜೆಸ್ಟಿಕ್ ಸೇರಿಸಿದರೆ ನಕ್ಷೆ ಅಲ್ಲಿಗೇ ಜೂಮ್ ಆಗಿ ತೆರೆಯುತ್ತದೆ. ಅದೇ # ಎಚ್‌ಟಿಎಂಎಲ್ ಪುಟದಲ್ಲಿದ್ದರೆ ಪುಟ ಆ ಜಾಗಕ್ಕೆ ಸರಿಯುತ್ತದೆ, ಅಷ್ಟೆ. ವಸ್ತುಗಳ ಬಗೆಗಿನ ಮಾಹಿತಿ ಬರೆದಿಡುವ ಆರ್‌ಡಿಎಫ್ ಫೈಲ್‌ನಲ್ಲಾದರೆ # ಸೂಚಿಸುವುದು ಫೈಲ್‌ನ ಭಾಗವೇ ಆಗಬೇಕಿಲ್ಲ. ನಿಜವಾದ ನಿಲ್ದಾಣವನ್ನೇ, ಅಲ್ಲಿನ ನೂಕುನುಗ್ಗಲಿನ ಸಮೇತ, ಸೂಚಿಸಬಹುದು!

# ನಂತರದ್ದು ಸರ್ವರ್‌ಗೆ ಹೋಗುವುದೇ ಇಲ್ಲ. ಫೈಲ್ ಜೊತೆ ಸರ್ವರ್ ಕಳಿಸುವ ಮೀಡಿಯಾ ಟೈಪ್ (ಇದು ಯಾವ ಬಗೆಯ ಫೈಲ್ ಎಂದು ಹೇಳುವ ಹೆಸರು) ನೋಡಿಕೊಂಡು ಬ್ರೌಸರ್ ಅದಕ್ಕೆ ಅರ್ಥ ಕಟ್ಟುತ್ತದೆ. ಹಾಗಾಗಿ ಟೈಪ್ ಕೆಟ್ಟರೆ ಎಲ್ಲವೂ ಕೆಟ್ಟಂತೆ.

ಎಸ್‌ವಿಜಿ, ಆರ್‌ಡಿಎಫ್ ಫೈಲ್‌ಗಳನ್ನು ಬರೆಯಬಹುದಾದ ಎಕ್ಸ್‌ಎಂಎಲ್ ಎಂಬ ಟ್ಯಾಗ್‌ಗಳ ಭಾಷೆಗೆ ಅದು ಶುರುವಿನಲ್ಲೇ ಕೆಟ್ಟಿತು. 1998ರ ಫೆಬ್ರವರಿಯಲ್ಲಿ ಎಕ್ಸ್‌ಎಂಎಲ್ ಬಂತು. ಜುಲೈನಲ್ಲಿ ಅದಕ್ಕೆ ಎರಡು ಟೈಪ್ ಸಿಕ್ಕವು: ಟೆಕ್ಸ್ಟ್/ಎಕ್ಸ್‌ಎಂಎಲ್, ಅಪ್ಲಿಕೇಶನ್/ಎಕ್ಸ್‌ಎಂಎಲ್. ಮೊದಲನೆಯದಕ್ಕೆ ಒಂದು ವಿಚಿತ್ರ ನಿಯಮ. ಅಕ್ಷರ ಸಂಕೇತ ಯಾವುದು ಎಂದು ಸರ್ವರ್ ಹೇಳದಿದ್ದರೆ ಅದನ್ನು ಆಸ್ಕಿ ಎಂದೇ ಓದಬೇಕು. ಫೈಲ್‌ನ ಮೊದಲ ಸಾಲಲ್ಲೇ, ಕನ್ನಡವನ್ನೂ ಒಳಗೊಳ್ಳುವ ಯುಟಿಎಫ್-8 ಎಂದು ಬರೆದಿದ್ದರೂ ಲೆಕ್ಕಕ್ಕಿಲ್ಲ. ಆಸ್ಕಿಯಲ್ಲಿರುವುದು 128 ಸಂಕೇತ, ಕನ್ನಡದ ಒಂದಕ್ಷರವೂ ಇಲ್ಲ. ಜಯನಗರದಲ್ಲಿ ಕೂತು ಕನ್ನಡದ ಫೀಡ್ (ಹೊಸ ಬರಹಗಳ ಪಟ್ಟಿ ಕೊಡುವ ಎಕ್ಸ್‌ಎಂಎಲ್ ಫೈಲ್) ಮಾಡಿದವರು ಏನೂ ತಪ್ಪು ಮಾಡದೆಯೇ ತಪ್ಪಿತಸ್ಥರು. ಪುಣ್ಯಕ್ಕೆ ಎಷ್ಟೋ ಸಾಫ್ಟ್‌ವೇರ್‌ಗಳು ಈ ನಿಯಮಕ್ಕೆ ಸೊಪ್ಪು ಹಾಕಲಿಲ್ಲ. ಆದರೂ ಇದು ತೊಲಗಲು 2014ರವರೆಗೆ ಕಾಯಬೇಕಾಯಿತು. ಕನ್ನಡ, ತಮಿಳು, ಹಿಂದಿ ಬಳಸುವವರು ಮನಸ್ಸಿನಲ್ಲಿ ಇದ್ದಿದ್ದರೆ ಇಂಥ ನಿಯಮ ಹುಟ್ಟುತ್ತಲೇ ಇರಲಿಲ್ಲ, ಅಲ್ವಾ?

2001ರ ಜನವರಿಯಲ್ಲಿ ಬಂದ ಆರ್‌ಎಫ್‌ಸಿ 3023 ಎಂಬ ಇಂಟರ್ನೆಟ್ ನಿಯಮಗಳ ದಾಖಲೆ, ಟೈಪ್‌ನ ಕೊನೆಗೆ ‘+ಎಕ್ಸ್‌ಎಂಎಲ್’ ಅಂಟಿಸುವ ಪದ್ಧತಿ ತಂದಿತು. ಎಸ್‌ವಿಜಿ ಗೊತ್ತಿಲ್ಲದ ಸಾಫ್ಟ್‌ವೇರ್ ಕೂಡ ಇದು ಎಕ್ಸ್‌ಎಂಎಲ್ ಎಂದು ಗುರುತಿಸಿ ಓದಬಹುದು. ಒಳ್ಳೆಯ ಯೋಚನೆಯೇ. ಆದರೆ # ಈಗ ಇಬ್ಬರ ಕೈಗೆ ಸಿಕ್ಕಿತು: ಎಕ್ಸ್‌ಎಂಎಲ್‌ನ ಸಾಮಾನ್ಯ ನಿಯಮ ಮಾಡುವವರು, ಆಯಾ ಟೈಪ್‌ನವರು. 2003ರಲ್ಲಿ, ಎಕ್ಸ್‌ಎಂಎಲ್ ಫೈಲ್‌ನ ಭಾಗಗಳನ್ನು ಸೂಚಿಸುವ ಎಕ್ಸ್‌ಪಾಯಿಂಟರ್ ಚೌಕಟ್ಟು ಬಂದು, ಆ ಐಡಿ ಇರುವ ಅಂಶವನ್ನು ಹುಡುಕಿ ಎಂದಿತು. 2004ರಲ್ಲಿ ಆರ್‌ಡಿಎಫ್‌ನವರು ತಮ್ಮ ಟೈಪ್ ನೋಂದಾಯಿಸಿದಾಗ, ನಮ್ಮಲ್ಲಿ # ಹಾಗಲ್ಲ ಎಂದರು. ಒಂದೇ ಲಿಂಕ್, ಎರಡು ನಿಯಮ. ವೆಬ್‌ನ ಮಾನದಂಡ ರೂಪಿಸುವ ಡಬ್ಲ್ಯೂ3ಸಿಯ ತಾಂತ್ರಿಕ ಗುಂಪಿನಲ್ಲೂ ಇದು ವರ್ಷಗಟ್ಟಲೆ ಚರ್ಚೆಯಾಯಿತು.

2014ರ ಜುಲೈನಲ್ಲಿ ಬಂದ ಆರ್‌ಎಫ್‌ಸಿ 7303, ಟೆಕ್ಸ್ಟ್/ಎಕ್ಸ್‌ಎಂಎಲ್‌ನ ಆಸ್ಕಿ ನಿಯಮವನ್ನು ಕಿತ್ತುಹಾಕಿತು. # ವಿಷಯದಲ್ಲಿ ಮಾತ್ರ ರಾಜಿ: ಮೊದಲು ಎಕ್ಸ್‌ಎಂಎಲ್‌ನ ಸಾಮಾನ್ಯ ನಿಯಮದಂತೆ ಹುಡುಕಿ, ಸಿಗದಿದ್ದರೆ ಆಯಾ ಟೈಪ್‌ನ ಸ್ವಂತ ನಿಯಮ. ನನಗೆ ಇದು ಜಗಳ ನಿಲ್ಲಿಸಲು ಮಾಡಿದ ತೀರ್ಮಾನದಂತೆಯೇ ಕಾಣುತ್ತದೆ, ಆದರೆ ಕೆಲಸ ನಡೆಯುತ್ತದೆ.

ನಿಮ್ಮ ನಕ್ಷೆಯ ವಿಷಯಕ್ಕೆ ಬಂದರೆ, ಸರ್ವರ್ ಅದನ್ನು ಇಮೇಜ್/ಎಸ್‌ವಿಜಿ+ಎಕ್ಸ್‌ಎಂಎಲ್ ಎಂದೇ ಕಳಿಸುತ್ತಿದೆಯಾ ನೋಡಿ. ಸುಮ್ನೆ ಟೆಕ್ಸ್ಟ್/ಪ್ಲೇನ್ ಎಂದು ಕಳಿಸಿದರೆ ಜೂಮ್ ಹಾಗಿರಲಿ, ನಕ್ಷೆಯೂ ಇಲ್ಲ. ಬರೀ ಕೋಡ್ ಕಾಣುತ್ತದೆ.