‘ತೀನಿ’ಗೆ ‘ತೀನಿ’ ಪ್ರಾಸವಲ್ಲ

ಮಡಿಕೇರಿ, ಗೋಣಿಕೊಪ್ಪ, ಕುಶಾಲನಗರದ ಕಡೆಯಿಂದ ರ‍್ಯಾಪ್ ರೆಕಾರ್ಡಿಂಗ್‌ಗೆ ಬರುವ ಹುಡುಗ ಹುಡುಗಿಯರು ಮೊಬೈಲ್ ತೆರೆದು ತೋರಿಸುವ ವರ್ಸ್‌ಗಳಲ್ಲಿ, ಅಂದರೆ ಹಾಡಿನ ಚರಣಗಳಲ್ಲಿ, ಒಂದೇ ತಪ್ಪು ಮತ್ತೆ ಮತ್ತೆ ಸಿಗುತ್ತದೆ. ‘ಬೆಳಿಗ್ಗೆ ಎದ್ದು ತೋಟಕ್ಕೆ ಹೋಗ್ತೀನಿ, ರಾತ್ರಿ ಕೂತು ಹಾಡು ಬರೀತೀನಿ, ಎದುರು ಬಂದ್ರೆ ಸೋಲಿಸ್ತೀನಿ, ಗೆದ್ದೇ ಮನೆಗೆ ಬರ್ತೀನಿ.’ ನಾಲ್ಕು ಸಾಲು, ನಾಲ್ಕು ‘ತೀನಿ’. ‘ಪ್ರಾಸ ಕೂತಿದೆಯಲ್ಲ ಸರ್, ಇನ್ನೇನು ಕಮ್ಮಿ?’ ಎಂದು ಕೇಳುತ್ತಾರೆ.

ಅಲ್ಲಿ ಕೂತಿರುವುದು ವ್ಯಾಕರಣ. ಕನ್ನಡದ ವಾಕ್ಯ ಸಾಮಾನ್ಯವಾಗಿ ಕ್ರಿಯಾಪದದಲ್ಲಿ ಮುಗಿಯುತ್ತದೆ. ‘ನಾನು’ ಎಂದು ಹೊರಟರೆ ಆಡುಮಾತಿನಲ್ಲಿ ‘ತೀನಿ’ ಬಂದೇ ಬರುತ್ತದೆ, ‘ಅವನು’ ಎಂದರೆ ‘ತಾನೆ’, ‘ಅವರು’ ಎಂದರೆ ‘ತಾರೆ’. ಈ ಕೊನೆಯನ್ನು ನೀವು ಹುಡುಕಲಿಲ್ಲ, ಭಾಷೆ ಪುಕ್ಕಟೆಯಾಗಿ ಕೊಟ್ಟಿತು. ಇಂಗ್ಲಿಷಿನಲ್ಲಿ ಕ್ರಿಯಾಪದ ವಾಕ್ಯದ ನಡುವೆ ಬಂದು ಹೋಗುವುದರಿಂದ ಸಾಲಿನ ಕೊನೆಗೆ ಯಾವ ಪದ ಬೇಕಾದರೂ ಬರಬಹುದು, ಹಾಗಾಗಿ ಅಲ್ಲಿ ಎರಡು ಕೊನೆಗಳನ್ನು ಹೊಂದಿಸುವುದೇ ಒಂದು ಕೆಲಸ. ಅವರ ಹಾಡು ಕೇಳಿ ಕೊನೆ ಹೊಂದಿದರೆ ಸಾಕು ಎಂದುಕೊಂಡವರು ಅದರ ಹಿಂದಿನ ದುಡಿಮೆಯನ್ನು ಬಿಟ್ಟುಬಿಟ್ಟಿರುತ್ತಾರೆ.

ಈ ತೊಡಕು ನಮ್ಮೊಬ್ಬರದೇ ಅಲ್ಲ. ಜಪಾನಿ ಮತ್ತು ಕೊರಿಯನ್ ಭಾಷೆಗಳಲ್ಲೂ ಕ್ರಿಯಾಪದ ಕೊನೆಗೇ ಬರುತ್ತದೆ, ಅಲ್ಲಿನವರೂ ಮೊದಮೊದಲು ಪ್ರತ್ಯಯಕ್ಕೆ ಪ್ರತ್ಯಯ ಜೋಡಿಸುತ್ತಿದ್ದರು. ಜಪಾನಿನಲ್ಲಿ 1995ರಲ್ಲಿ ಮೊದಲ ಆಲ್ಬಂ ತಂದ ಕಿಂಗ್ ಗಿಡ್ರಾ ತಂಡದ ಕೆ ಡಬ್ ಶೈನ್, ಸಾಲನ್ನು ನಾಮಪದದಲ್ಲಿ ನಿಲ್ಲಿಸಿ ಪ್ರಾಸ ಕಟ್ಟುವ ದಾರಿಯನ್ನು ಗಟ್ಟಿ ಮಾಡಿದ. ಕೊರಿಯಾದಲ್ಲಿ ವರ್ಬಲ್ ಜಿಂಟ್ 2001ರ ‘ಮಾಡರ್ನ್ ರೈಮ್ಸ್’ನಲ್ಲಿ ಕೊನೆಯ ಒಂದೇ ಅಕ್ಷರಕ್ಕೆ ನಿಲ್ಲದೆ, ಹಲವು ಅಕ್ಷರಗಳ ಸ್ವರಗಳನ್ನು ಒಟ್ಟಿಗೆ ಹೊಂದಿಸಿ ತೋರಿಸಿದ. ಅಮೆರಿಕದ ಹಾಡುಗಳಷ್ಟೇ ಗಮನ ಕೊಟ್ಟು ಕನ್ನಡದ ರ‍್ಯಾಪರ್‌ಗಳು ಕೇಳಬೇಕಾದದ್ದು ಇವನ್ನು.

ನಮ್ಮ ಕೈಯಲ್ಲಿರುವ ಉಪಾಯ ಸರಳ. ಕ್ರಿಯಾಪದವನ್ನು ಕೃದಂತ ಮಾಡಿ ನಾಮಪದಕ್ಕಿಂತ ಮೊದಲು ತನ್ನಿ. ‘ಮಳೆ ಮಣ್ಣನ್ನು ಒಯ್ದುಬಿಟ್ಟಿತು’ ಎಂದು ಬರೆದರೆ ಮುಂದಿನ ಸಾಲಿಗೂ ‘ಬಿಟ್ಟಿತು’ ಒಂದೇ ಗತಿ. ‘ಮಳೆ ಒಯ್ದ ಮಣ್ಣು’ ಎಂದು ತಿರುಗಿಸಿ ನೋಡಿ. ಈಗ ‘ಕೈ ಕೊಯ್ದ ಹಣ್ಣು’ ಬರಬಹುದು, ‘ಮನೆ ಕಾಯ್ದ ಕಣ್ಣು’ ಬರಬಹುದು. ‘ಒಯ್ದ ಮಣ್ಣು’, ‘ಕೊಯ್ದ ಹಣ್ಣು’ ಎರಡರಲ್ಲೂ ನಾಲ್ಕು ಅಕ್ಷರಗಳ ಸ್ವರ ಒಂದೇ, ಯಕಾರ ಮತ್ತು ಣಕಾರದ ಒತ್ತೂ ಒಂದೇ ಕಡೆ ಬೀಳುತ್ತವೆ. ಮೂರನೆಯದರಲ್ಲಿ ‘ಒ’ ಹೋಗಿ ‘ಆ’ ಬಂತು, ಆದರೂ ತೂಕ ಕೆಡಲಿಲ್ಲ. ಅರ್ಥವನ್ನೂ ಗಮನಿಸಿ: ಭೂಕುಸಿತ, ಕಾಫಿ ಕುಯ್ಲು, ಬಾಗಿಲಲ್ಲಿ ಕಾದು ನಿಂತ ಮುದುಕಿ, ಮೂರೂ ಒಂದು ಮಳೆಗಾಲದಿಂದ ಇನ್ನೊಂದರವರೆಗಿನ ಕೊಡಗು. ಪ್ರತ್ಯಯದ ಪ್ರಾಸ ನಿಮ್ಮನ್ನು ಹೊಸ ಪದ ಹುಡುಕಲು ಕಳಿಸುವುದಿಲ್ಲ. ಧಾತುವಿನ ಪ್ರಾಸ ಕಳಿಸುತ್ತದೆ, ಹುಡುಕಿಕೊಂಡು ಹೋದಲ್ಲಿ ಮೊದಲು ಯೋಚಿಸದಿದ್ದ ಚಿತ್ರವೂ ಸಿಗುತ್ತದೆ.

ಪರೀಕ್ಷೆ ಹೀಗೆ. ವರ್ಸನ್ನು ಕಾಗದದ ಮೇಲೆ ಬರೆದುಕೊಳ್ಳಿ, ಮೊಬೈಲ್ ಬೇಡ. ಪ್ರತಿ ಸಾಲಿನ ಕೊನೆಯ ಪ್ರತ್ಯಯವನ್ನು ಪೆನ್ಸಿಲ್‌ನಲ್ಲಿ ಹೊಡೆದುಹಾಕಿ. ‘ಹೋಗ್ತೀನಿ, ಬರೀತೀನಿ’ಯಲ್ಲಿ ‘ಹೋಗ್’, ‘ಬರೀ’ ಉಳಿದವು, ಒಂದಕ್ಕೊಂದು ಸಂಬಂಧವಿಲ್ಲ, ಅಂದರೆ ಅಲ್ಲಿ ಪ್ರಾಸವೇ ಇರಲಿಲ್ಲ. ‘ಅಳೆದೆ, ಕಳೆದೆ’ಯಲ್ಲಿ ‘ದೆ’ ಹೊಡೆದರೂ ‘ಅಳೆ, ಕಳೆ’ ಉಳಿಯುತ್ತವೆ, ಅದು ಪ್ರಾಸ. ಹಾಗೆಂದು ಕ್ರಿಯಾಪದದಲ್ಲಿ ಮುಗಿದ ಸಾಲೆಲ್ಲ ಕೆಟ್ಟದು ಎಂದು ಯಾರೂ ತಿಳಿಯಬಾರದು. ಹುಕ್‌ನಲ್ಲಿ, ಅಂದರೆ ಮರಳಿ ಬರುವ ಪಲ್ಲವಿಯಲ್ಲಿ, ಜನ ಕೂಡಿ ಕೂಗಬೇಕಾದ ಕಡೆ, ಒಂದೇ ಪ್ರತ್ಯಯ ಮರುಕಳಿಸುವುದು ಒಳ್ಳೆಯದೇ. ಹದಿನಾರು ಬಾರ್‌ನ (ಬಾರ್ ಎಂದರೆ ನಾಲ್ಕು ಏಟಿನ ಒಂದು ಸುತ್ತು) ವರ್ಸ್ ಪೂರ್ತಿ ಅದರ ಮೇಲೆ ನಿಂತಾಗ ಮಾತ್ರ ತೊಂದರೆ.

ಇನ್ನೊಂದು ದಾರಿಯನ್ನು ಹಳೆಯ ಕವಿಗಳು ಬಿಟ್ಟುಹೋಗಿದ್ದಾರೆ. ಹಳಗನ್ನಡದಲ್ಲಿ ಕಡ್ಡಾಯವಾಗಿದ್ದದ್ದು ಆದಿಪ್ರಾಸ, ಅಂದರೆ ಪ್ರತಿ ಪಾದದ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕು. ಸುಮಾರು 990ರ ನಾಗವರ್ಮನ ‘ಛಂದೋಂಬುಧಿ’ ಛಂದಸ್ಸಿನ ಜೊತೆಗೆ ಪ್ರಾಸದ ನಿಯಮಗಳನ್ನೂ ಹೇಳುತ್ತದೆ. ಪ್ರಾಸಾಕ್ಷರದ ಹಿಂದೆ ಹ್ರಸ್ವ ಬಂದರೆ ಸಿಂಹಪ್ರಾಸ, ದೀರ್ಘ ಬಂದರೆ ಗಜಪ್ರಾಸ, ಒಂದು ಪದ್ಯದಲ್ಲಿ ಇವನ್ನು ಬೆರೆಸುವ ಹಾಗಿಲ್ಲ. ಸಾಲಿನ ಕೊನೆ ಪ್ರತ್ಯಯದ ಕೈಯಲ್ಲಿದೆ, ಸಾಲಿನ ಮೊದಲು ಕವಿಯ ಕೈಯಲ್ಲಿದೆ ಎಂಬುದನ್ನು ಅವರು ಸಾವಿರ ವರ್ಷದ ಹಿಂದೆಯೇ ಕಂಡುಕೊಂಡಿದ್ದರು. ಬೀಟ್‌ನ ಮೊದಲ ಏಟಿಗೆ ಆದಿಪ್ರಾಸ ಬಿದ್ದರೆ ಕಿಕ್ ಡ್ರಮ್ಮೇ ಅದನ್ನು ಎತ್ತಿ ಕೊಡುತ್ತದೆ.

‘ಹಾಗಾದರೆ ದೊಡ್ಡ ಲಿರಿಸಿಸ್ಟ್ ಯಾರು?’ ಎನ್ನುವ ಪ್ರಶ್ನೆಗೆ ಎಲ್ಲ ಕಾಲಕ್ಕೂ ಒಂದೇ ಅಳತೆಗೋಲು ಹಿಡಿಯಬಾರದು. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ನಡೆಸಿದ, ಹಿಪ್‌ಹಾಪ್ ಹುಟ್ಟಿತೆನ್ನುವ ಪಾರ್ಟಿಯಿಂದ ಲೆಕ್ಕ ಹಿಡಿದರೆ, ಮೊದಲ ವರ್ಷಗಳಲ್ಲಿ ಎಂಸಿಯ, ಅಂದರೆ ಮೈಕ್ ಹಿಡಿದವನ, ಕೆಲಸ ಕುಣಿಯುವ ಜನರನ್ನು ಹಿಡಿದಿಡುವುದು. ಅದಕ್ಕೆ ಸಾಲಿನ ಕೊನೆಯ ಸರಳ ಪ್ರಾಸ ಸಾಕಿತ್ತು, ಅವರನ್ನು ಇಂದಿನ ಲೆಕ್ಕದಲ್ಲಿ ತೂಗುವುದು ಅನ್ಯಾಯ. 1982ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ತಂಡದ ‘ದಿ ಮೆಸೇಜ್’ನಲ್ಲಿ ಮೆಲ್ಲಿ ಮೆಲ್ ಬೀದಿಯ ಬಡತನವನ್ನು ಕಣ್ಣಿಗೆ ಕಟ್ಟುವಂತೆ ಹೇಳಿದ ಮೇಲೆ ವಸ್ತುವೂ ತೂಕಕ್ಕೆ ಬಂತು. ನಿಜವಾದ ತಿರುವು 1987ರದು. ಎರಿಕ್ ಬಿ ಜೊತೆಗಿನ ಆಲ್ಬಂನಲ್ಲಿ ರಾಕಿಮ್ ಪ್ರಾಸವನ್ನು ಸಾಲಿನ ಒಳಕ್ಕೆ ತಂದ, ಒಂದು ಬಾರ್‌ನಲ್ಲಿ ಶುರುವಾದ ವಾಕ್ಯವನ್ನು ಮುಂದಿನ ಬಾರ್‌ನ ನಡುವೆ ಮುಗಿಸಿದ. ಅವನು ಚಿಕ್ಕಂದಿನಲ್ಲಿ ಸ್ಯಾಕ್ಸೋಫೋನ್ ನುಡಿಸಿದವನು, ಆ ಉಸಿರಿನ ಲೆಕ್ಕ ಮಾತಿಗೂ ಬಂತು. 1994ರ ನಾಸ್‌ನಲ್ಲಿ ಒಳಪ್ರಾಸದ ಜೊತೆ ಕಣ್ಣಿನ ಚುರುಕೂ ಸೇರಿತು, 2004ರ ಎಂಎಫ್ ಡೂಮ್‌ನಲ್ಲಿ ಇಡೀ ಸಾಲಿಗೆ ಇಡೀ ಸಾಲೇ ಪ್ರಾಸವಾಗುವಷ್ಟು ದೂರ ಹೋಯಿತು. ಆದರೆ ಹ್ಯೂಸ್ಟನ್ನಿನ ಸ್ಕಾರ್‌ಫೇಸ್ ಇಷ್ಟೆಲ್ಲ ಹೆಣಿಗೆ ಇಲ್ಲದೆ, ಬೆದರಿದ ಮನಸ್ಸನ್ನು ಬರಿಯ ಮಾತಿನಲ್ಲಿ ಬಿಚ್ಚಿಟ್ಟು ಅದೇ ಎತ್ತರ ಮುಟ್ಟಿದ. ಅವನನ್ನು ಪಟ್ಟಿಯಿಂದ ಬಿಟ್ಟವರ ಪಟ್ಟಿಯನ್ನು ನಂಬಬೇಡಿ.

ಈಗ ವೇಗದ ಮಾತು. ಎಮಿನೆಮ್ 2013ರಲ್ಲಿ 6 ನಿಮಿಷ 4 ಸೆಕೆಂಡಿನ ಹಾಡಿನಲ್ಲಿ 1,560 ಪದ ಹೇಳಿ ಗಿನ್ನೆಸ್ ದಾಖಲೆ ಮಾಡಿದ್ದು ಎಲ್ಲರ ಬಾಯಲ್ಲೂ ಇದೆ. ಕನ್ನಡದಲ್ಲಿ ಅದನ್ನು ಹಾಗೇ ಅನುಕರಿಸಿದರೆ ಏನಾಗುತ್ತದೆ? 90 ಬಿಪಿಎಂ (ನಿಮಿಷಕ್ಕೆ 90 ಏಟು) ಬೀಟ್‌ನಲ್ಲಿ ಒಂದು ಬಾರ್ ಸುಮಾರು 2.67 ಸೆಕೆಂಡ್. ಪ್ರತಿ ಏಟನ್ನು ನಾಲ್ಕು ಪಾಲು ಮಾಡಿದರೆ 16 ಪಾಲು. ಒಂದು ಪಾಲಿಗೆ ಒಂದು ಮಾತ್ರೆ ಎಂದಿಟ್ಟುಕೊಳ್ಳಿ, ಲಘು ಒಂದು, ಗುರು ಎರಡು. ‘ಮಳೆ ಒಯ್ದ ಮಣ್ಣು’ 2+3+3, ಎಂಟು ಮಾತ್ರೆ, ಅರ್ಧ ಬಾರ್. ‘ಕೈ ಕೊಯ್ದ ಹಣ್ಣು’ ಇನ್ನರ್ಧ. ನಾಲ್ಕು ಮಾತ್ರೆಯ ನಾಲ್ಕು ಗಣಗಳ ಮಂದಾನಿಲ ರಗಳೆಯ ಸಾಲಿಗೂ ಇದೇ 16 ಮಾತ್ರೆ. ಮೆಂಫಿಸ್‌ನಲ್ಲಿ ಬೆಳೆದ, 2013ರ ಹೊತ್ತಿಗೆ ಅಟ್ಲಾಂಟಾದ ಮಿಗೋಸ್ ತಂಡ ಎಲ್ಲೆಡೆ ಹರಡಿದ, ಏಟಿಗೆ ಮೂರರ ಟ್ರಿಪ್ಲೆಟ್ ಫ್ಲೋ (ಹೇಳುವ ಓಟ) ಬೇಕೆಂದರೆ ಮೂರು ಮಾತ್ರೆಯ ಗಣದ ಉತ್ಸಾಹ ರಗಳೆ ಓದಿ ನೋಡಿ.

ಗುರುವನ್ನು ಒಂದೇ ಪಾಲಿಗೆ ತುರುಕಿದಾಗ ಕೆಡುವುದು ಅರ್ಥ. ‘ಬಾಳೆ’ ‘ಬಳೆ’ ಆಗುತ್ತದೆ, ‘ಕಾಡು’ ‘ಕಡು’ ಆಗುತ್ತದೆ, ‘ಹಣ್ಣು’ ‘ಹಣು’ ಎಂಬ ಇಲ್ಲದ ಪದವಾಗುತ್ತದೆ. ಇಂಗ್ಲಿಷಿನಲ್ಲಿ ಸ್ವರ ಸ್ವಲ್ಪ ಕುಗ್ಗಿದರೂ ಪದ ಬದುಕುತ್ತದೆ, ಕನ್ನಡದಲ್ಲಿ ಹ್ರಸ್ವ ದೀರ್ಘವೇ ಪದವನ್ನು ಬೇರೆ ಮಾಡುತ್ತದೆ. ವೇಗ ಬೇಕೇ ಬೇಕೆಂದರೆ ಆ ಸಾಲಿಗೆ ಲಘು ಹೆಚ್ಚಿರುವ ಪದಗಳನ್ನೇ ಆರಿಸಿ. ‘ಕರಿಮೆಣಸು’ ಓಡುತ್ತದೆ, ‘ಏಲಕ್ಕಿ’ ಓಡುವುದಿಲ್ಲ.

ಉಸಿರಿಗೂ ಜಾಗ ಬೇಕು. ಎಲ್ಲ ಬಾರ್‌ನಲ್ಲೂ 16 ಮಾತ್ರೆ ತುಂಬಿಸಿದವರು ಆರನೆಯ ಬಾರ್‌ಗೆ ಏದುಸಿರು ಬಿಡುತ್ತಾರೆ, ಮೈಕ್ ಅದನ್ನೆಲ್ಲ ಹಿಡಿಯುತ್ತದೆ. ಎರಡು ಬಾರ್‌ಗೊಮ್ಮೆ ಕೊನೆಯಲ್ಲಿ ಮೂರು ನಾಲ್ಕು ಮಾತ್ರೆ ಖಾಲಿ ಬಿಡಿ, ಅಷ್ಟು ಅಂದರೆ 90 ಬಿಪಿಎಂನಲ್ಲಿ ಅರ್ಧದಿಂದ ಸುಮಾರು 0.67 ಸೆಕೆಂಡ್. ಇದನ್ನು ಕಲಿಯಲು ಕೊಡವರ ಜನಪದ ಹಾಡು ಬಾಳೋಪಾಟ್ ಕೇಳಿ. ದುಡಿ ಎಂಬ ಸಣ್ಣ ಚರ್ಮವಾದ್ಯ ಹಿಡಿದ ನಾಲ್ವರಲ್ಲಿ ಇಬ್ಬರು ಸಾಲು ಹೇಳುತ್ತಾರೆ, ಇನ್ನಿಬ್ಬರು ಎತ್ತಿಕೊಳ್ಳುತ್ತಾರೆ, ಅಷ್ಟರಲ್ಲಿ ಮೊದಲಿನವರ ಉಸಿರು ತುಂಬಿರುತ್ತದೆ. ಗಂಟೆಗಟ್ಟಲೆ ಹಾಡುವ ಶಕ್ತಿ ಬರುವುದು ಅಲ್ಲಿಂದ. ಅಮೆರಿಕದ ರನ್ ಡಿಎಂಸಿ ತಂಡ 80ರ ದಶಕದಲ್ಲಿ ಸಾಲು ಹಂಚಿಕೊಂಡು ಹಾಡಿದ್ದೂ ಇಂಥದೇ ಜೋಡಿ ಕೆಲಸ. ಇಬ್ಬರು ಗೆಳೆಯರಿದ್ದರೆ ಹಾಗೆ ಬರೆಯಿರಿ.

ವಸ್ತುವಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 1995ರಲ್ಲಿ ನ್ಯೂಯಾರ್ಕಿನ ಪ್ರಶಸ್ತಿ ಸಮಾರಂಭವೊಂದರಲ್ಲಿ ಔಟ್‌ಕಾಸ್ಟ್ ತಂಡದ ಆಂಡ್ರೆ ಅಮೆರಿಕದ ದಕ್ಷಿಣದವರಿಗೂ ಹೇಳಲಿಕ್ಕಿದೆ ಎಂದಾಗ ಸಭೆ ಅವರನ್ನು ಅಣಕಿಸಿ ಕೂಗುತ್ತಿತ್ತು. ಅವರು ಅಟ್ಲಾಂಟಾದ ಉಚ್ಚಾರವನ್ನು ಬಿಡಲಿಲ್ಲ. ಸೋಮವಾರಪೇಟೆಯ ಹುಡುಗ ಬೆಂಗಳೂರಿನ ಕನ್ನಡದಲ್ಲಿ, ಕಾಣದ ಬಂದೂಕಿನ ಜಗಳ ಬರೆದರೆ ಕಿವಿಗೆ ಗೊತ್ತಾಗಿಬಿಡುತ್ತದೆ. ಆನೆ ದಾಟಿದ ಬೇಲಿ, ಕರೆಂಟಿಲ್ಲದ ಜುಲೈ, ಕಣದಲ್ಲಿ ಒಣಗದ ಕಾಫಿ, ಇವು ನಿಮ್ಮಲ್ಲೇ ಇವೆ.

ಕೊಡವ ತಕ್ಕ್‌ನಲ್ಲಿ ಬರೆಯುವವರಿಗೆ ಒಂದು ಎಚ್ಚರಿಕೆ ಬೇರೆ. ಆ ಭಾಷೆಯಲ್ಲಿ ಇಕಾರಕ್ಕೂ ಉಕಾರಕ್ಕೂ ನಡುವಿನದೊಂದು, ಎಕಾರಕ್ಕೂ ಒಕಾರಕ್ಕೂ ನಡುವಿನದೊಂದು ಸ್ವರವಿದೆ, ಕನ್ನಡ ಲಿಪಿಯಲ್ಲಿ ಅವಕ್ಕೆ ಅಕ್ಷರವಿಲ್ಲ. ‘ಪಾಟ್’ ಎಂದು ಅರ್ಧಾಕ್ಷರ ಹಾಕಿ ಬರೆದಾಗ ಕಾಗದದ ಮೇಲೆ ಎರಡು ಮಾತ್ರೆ, ಬಾಯಲ್ಲಿ ಕೊನೆಯ ಸ್ವರ ಸೇರಿ ಮೂರು. ಕಾಗದ ನೋಡಿ ಎಣಿಸಿದ ಬಾರ್ ಟೇಕ್‌ನಲ್ಲಿ ಉದ್ದವಾಗುವುದು ಇದಕ್ಕೇ. ಬರೆಯುವಾಗಲೇ ಅಂಥ ಅಕ್ಷರದ ಮೇಲೆ ಒಂದು ಚುಕ್ಕಿ ಇಡಿ, ಚುಕ್ಕಿಗೊಂದು ಮಾತ್ರೆ ಸೇರಿಸಿ, ಆಮೇಲೆ ಬೀಟ್ ಹಾಕಿ.