ಅಂಟಿಕೊಂಡ ಬೆರಳಲ್ಲ, ಬಿಡಿಸಿಕೊಳ್ಳದ ಬೆರಳು

ಮಗುವಿನ ನಡುಬೆರಳು ಮತ್ತು ಉಂಗುರಬೆರಳು ಕೂಡಿಕೊಂಡೇ ಹುಟ್ಟಿದಾಗ, ನನ್ನ ಕೊಠಡಿಯಲ್ಲಿ ಮೊದಲು ಬಾಯಿಬಿಡುವವರು ಸಾಮಾನ್ಯವಾಗಿ ಅಜ್ಜಿ. "ಏಳನೇ ತಿಂಗಳಲ್ಲಿ ಗ್ರಹಣ ಹಿಡಿದಿತ್ತು ಡಾಕ್ಟ್ರೇ, ಬೇಡ ಬೇಡ ಅಂದ್ರೂ ಇವಳು ಈಳಿಗೆಮಣೆ ಮುಂದೆ ಕೂತಳು" ಎಂದು ಒಬ್ಬರು ಹೇಳಿದಾಗ, ಸೊಸೆ ಮಗುವಿನ ಕೈಯನ್ನು ಸದ್ದಿಲ್ಲದೆ ಸೆರಗಿನೊಳಗೆ ಎಳೆದುಕೊಂಡದ್ದನ್ನು ನಾನು ನೋಡಿದ್ದೇನೆ. ಅಂಥ ಹೊತ್ತಿನಲ್ಲಿ ನಾನು ಗ್ರಹಣದ ಬಗ್ಗೆ ವಾದಕ್ಕಿಳಿಯುವುದಿಲ್ಲ. ದಿನಗಳ ಲೆಕ್ಕವನ್ನಷ್ಟೇ ಮುಂದಿಡುತ್ತೇನೆ.

ಗರ್ಭ ಕಟ್ಟಿದ ಸುಮಾರು 26ನೇ ದಿನ, ಅಕ್ಕಿಕಾಳಿಗಿಂತಲೂ ಚಿಕ್ಕದಾದ ಭ್ರೂಣದ ಪಕ್ಕೆಯಲ್ಲಿ ಕೈಯ ಮೊಗ್ಗು ಉಬ್ಬಿ ಕಾಣಿಸಿಕೊಳ್ಳುತ್ತದೆ, ಒಂದೆರಡು ದಿನಗಳ ಅಂತರದಲ್ಲಿ ಕಾಲಿನ ಮೊಗ್ಗು ಹಿಂಬಾಲಿಸುತ್ತದೆ. ಐದನೇ ವಾರದಲ್ಲಿ ಅದರ ತುದಿ ದೋಣಿಯ ಹುಟ್ಟಿನಂತೆ ಚಪ್ಪಟೆಯಾಗುತ್ತದೆ, ಆರನೇ ವಾರದಲ್ಲಿ ಆ ಚಪ್ಪಟೆ ಹಲಗೆಯೊಳಗೆ ಐದು ಗೆರೆಗಳು ಮೂಡುತ್ತವೆ, 56ನೇ ದಿನದ ಹೊತ್ತಿಗೆ ಬೆರಳುಗಳು ಬಿಡಿಬಿಡಿಯಾಗಿರುತ್ತವೆ. ವೈದ್ಯರು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುವುದರಿಂದ ಇದಕ್ಕೆ ಎರಡು ವಾರ ಕೂಡಿಸಿಕೊಳ್ಳಬೇಕು. ಹಾಗೆ ಎಣಿಸಿದರೂ ಹತ್ತನೇ ವಾರಕ್ಕೆ ಕೈಯ ರೂಪ ಮುಗಿದ ಕೆಲಸ. ಏಳನೇ ತಿಂಗಳಲ್ಲಿ ತಾಯಿ ಹೆಚ್ಚಿದ ಬದನೆಕಾಯಿಗೂ ಮಗುವಿನ ಬೆರಳಿಗೂ ಸಂಬಂಧ ಕಲ್ಪಿಸಲು ಈ ಪಂಚಾಂಗದಲ್ಲಿ ಜಾಗವೇ ಇಲ್ಲ.

ಈ ದಿನಗಳು ಎಷ್ಟು ನಾಜೂಕಿನವು ಎಂಬುದನ್ನು ಜಗತ್ತು ಕಲಿತದ್ದು ಥಾಲಿಡೊಮೈಡ್‌ನಿಂದ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರುಕಟ್ಟೆಗೆ ಬಂದು 1961ರಲ್ಲಿ ಹಿಂತೆಗೆಯಲ್ಪಟ್ಟ ಆ ಮಾತ್ರೆಯನ್ನು ಬಸುರಿಯರು ವಾಕರಿಕೆಗೂ ನಿದ್ದೆಗೂ ನುಂಗಿದ್ದರು, ಮತ್ತು ಹಲವು ದೇಶಗಳಲ್ಲಿ 10,000ಕ್ಕೂ ಹೆಚ್ಚು ಮಕ್ಕಳು ಮೊಟಕಾದ ಕೈಕಾಲುಗಳೊಂದಿಗೆ ಅಥವಾ ಬೇರೆ ಊನಗಳೊಂದಿಗೆ ಹುಟ್ಟಿದರು. ಅಪಾಯವಿದ್ದದ್ದು ಗರ್ಭ ಕಟ್ಟಿದ ಸುಮಾರು 20ರಿಂದ 36ನೇ ದಿನದ ನಡುವೆ, ಅಂದರೆ ಎಷ್ಟೋ ಹೆಂಗಸರಿಗೆ ತಾವು ಬಸುರಿ ಎಂಬುದೇ ಇನ್ನೂ ಖಾತ್ರಿಯಾಗಿರದ ದಿನಗಳಲ್ಲಿ.

ಮೊಗ್ಗು ತೋಳಾಗಿ ನೀಳವಾಗುವುದು ಹೇಗೆಂಬುದಕ್ಕೆ ಉತ್ತರ ಸಿಕ್ಕಿದ್ದು ಕೋಳಿಮೊಟ್ಟೆಯಲ್ಲಿ. ಮೊಗ್ಗಿನ ಅಂಚಿನಲ್ಲಿ ಹೊರಚರ್ಮದ ದಪ್ಪನೆಯ ಏಣೊಂದು ಇರುತ್ತದೆ. ಅಮೆರಿಕದ ಜಾನ್ ಸಾಂಡರ್ಸ್ 1948ರಲ್ಲಿ ಮೊಟ್ಟೆಯ ಚಿಪ್ಪಿಗೆ ಕಿಂಡಿ ತೆರೆದು ಆ ಏಣನ್ನು ಕಿತ್ತು ನೋಡಿದರು: ಬೇಗ ಕಿತ್ತರೆ ರೆಕ್ಕೆ ಭುಜದ ಹತ್ತಿರವೇ ನಿಂತುಹೋಯಿತು, ತಡವಾಗಿ ಕಿತ್ತರೆ ಬೆರಳುಗಳಷ್ಟೇ ಇಲ್ಲವಾದವು. ಅದೇ ಸಾಂಡರ್ಸ್ 1968ರಲ್ಲಿ ಮೇರಿ ಗ್ಯಾಸೆಲಿಂಗ್ ಅವರೊಂದಿಗೆ, ಮೊಗ್ಗಿನ ಹಿಂಬದಿಯ ಚಿಟಿಕೆಯಷ್ಟು ಅಂಗಾಂಶವನ್ನು ಇನ್ನೊಂದು ಮೊಗ್ಗಿನ ಮುಂಬದಿಗೆ ಕಸಿ ಮಾಡಿದಾಗ ಕನ್ನಡಿಯಲ್ಲಿ ಕಂಡಂತೆ ಜೋಡಿ ಬೆರಳುಗಳು ಬೆಳೆದವೆಂದು ವರದಿ ಮಾಡಿದರು. ಹೆಬ್ಬೆರಳು ಯಾವ ಬದಿ, ಕಿರುಬೆರಳು ಯಾವ ಬದಿ ಎಂದು ಹೇಳುವ ಆ ಅಂಗಾಂಶದ ಸಂದೇಶವಾಹಕ ಪ್ರೋಟೀನು 1993ರಲ್ಲಿ ಪತ್ತೆಯಾಯಿತು. ಅದರ ಹೆಸರು ಸೋನಿಕ್ ಹೆಜ್‌ಹಾಗ್, ವಿಡಿಯೊ ಆಟದ ಪಾತ್ರದ್ದು. ಆರು ಬೆರಳಿನ ಮಗುವಿನ ತಂದೆತಾಯಿಯ ಮುಂದೆ ಆ ಹೆಸರು ಹೇಳಲು ನನಗೆ ಇಂದಿಗೂ ಮುಜುಗರ.

ಕೂಡಿದ ಬೆರಳಿನ ಕಥೆ ಇವೆರಡಕ್ಕಿಂತ ಬೇರೆ. ಬೆರಳುಗಳು ರೆಂಬೆಗಳಂತೆ ಚಿಗುರಿ ಹೊರಬರುತ್ತವೆ ಎಂದು ನಾವೆಲ್ಲ ಭಾವಿಸುತ್ತೇವೆ, ಆದರೆ ಅವು ಶಿಲ್ಪಿ ಕಲ್ಲಿನಿಂದ ಬಿಡಿಸಿದಂತೆ ಬರುತ್ತವೆ. ಐದು ಗೆರೆಗಳಲ್ಲಿ ಮೃದ್ವಸ್ಥಿ ಕಟ್ಟಿಕೊಳ್ಳುತ್ತಿರುವಾಗಲೇ ಅವುಗಳ ನಡುವಿನ ಜೀವಕೋಶಗಳಿಗೆ ಸಾಯುವಂತೆ ಸಂಕೇತ ಬರುತ್ತದೆ. ಅವು ಗಾಯವಿಲ್ಲದೆ, ಕೀವಿಲ್ಲದೆ, ಚೊಕ್ಕವಾಗಿ ಮುದುಡಿ ಸಾಯುತ್ತವೆ, ಅಕ್ಕಪಕ್ಕದ ಕೋಶಗಳು ಅವಶೇಷವನ್ನು ನುಂಗುತ್ತವೆ. ಈ ಸಾವನ್ನು ಪ್ರೇರೇಪಿಸುವ ಬಿಎಂಪಿ ಎಂಬ ಪ್ರೋಟೀನುಗಳನ್ನು ಬಾತುಕೋಳಿಯ ಕಾಲಿನಲ್ಲಿ ಗ್ರೆಮ್ಲಿನ್ ಎಂಬ ಇನ್ನೊಂದು ಪ್ರೋಟೀನು ತಡೆಯುತ್ತದೆ, ಆದ್ದರಿಂದಲೇ ಬಾತಿಗೆ ಜಾಲಪಾದ ಉಳಿಯುತ್ತದೆ. ಕೋಳಿಯ ಕಾಲಮೊಗ್ಗಿಗೆ ಅದೇ ಗ್ರೆಮ್ಲಿನ್ ಕೊಟ್ಟರೆ ಅದಕ್ಕೂ ಜಾಲ ಉಳಿಯುತ್ತದೆ. ಸುಮಾರು 2,000ದಿಂದ 3,000 ಶಿಶುಗಳಲ್ಲಿ ಒಂದಕ್ಕೆ ಈ ಬಿಡಿಸುವ ಕೆಲಸ ಅರ್ಧಕ್ಕೆ ನಿಂತಿರುತ್ತದೆ, ಅದೂ ಹೆಚ್ಚಾಗಿ ನಡುಬೆರಳು ಮತ್ತು ಉಂಗುರಬೆರಳಿನ ಸಂದಿನಲ್ಲಿ. ಕೆಲವು ಮನೆತನಗಳಲ್ಲಿ ಅದು ತಲೆಮಾರಿನಿಂದ ಬಂದಿರುತ್ತದೆ. ಎಷ್ಟೋ ವೇಳೆ ಅಪ್ಪನ ಚಪ್ಪಲಿ ಬಿಡಿಸಿ ಕಾಲ್ಬೆರಳು ನೋಡಿದಾಗಲೇ ಅದು ತಿಳಿಯುತ್ತದೆ.

"ಹಾಗಾದರೆ ಒಂದು ಗೆರೆ ಕೊಯ್ದು ಬಿಡಿಸಿಬಿಡಿ" ಎಂದು ಕೇಳುವವರಿದ್ದಾರೆ. ಬಿಡಿಸಿಕೊಳ್ಳದ ಬೆರಳುಗಳ ಒಳಬದಿಗೆ ಚರ್ಮವೇ ಬೆಳೆದಿರುವುದಿಲ್ಲ. ಎರಡು ಬೇರೆ ಬೆರಳುಗಳನ್ನು ಸುತ್ತಲು ಬೇಕಾದಷ್ಟು ಚರ್ಮ ಒಂದಾಗಿರುವ ಬೆರಳುಗಳ ಮೇಲೆ ಇಲ್ಲ. ಆದ್ದರಿಂದ ಅಂಕುಡೊಂಕಾಗಿ ಕೊಯ್ದು, ಸಂದಿಗೆ ಬೆರಳಿನ ಹಿಂಬದಿಯ ಚರ್ಮವನ್ನು ಮಡಚಿ ತಂದು ಕೂರಿಸಿ, ಉಳಿದ ಬರಿದಾದ ಜಾಗಕ್ಕೆ ತೊಡೆಸಂದಿನಿಂದ ತೆಗೆದ ಚರ್ಮವನ್ನು ಕಸಿ ಮಾಡುತ್ತೇವೆ. ನೇರ ಗೆರೆಯಲ್ಲಿ ಕೊಯ್ದರೆ ಗಾಯದ ಕಲೆ ಬಿಗಿದು, ಮಗು ಬೆಳೆದಂತೆ ಬೆರಳನ್ನು ಸೊಟ್ಟಗೆ ಎಳೆಯುತ್ತದೆ.