ನವೆಂಬರ್ 7: ಅಕ್ಟೋಬರ್ 25ಕ್ಕೂ ಅದೇ, 26ಕ್ಕೂ ಅದೇ, ಹೆಂಗೆ?

ಕ್ವಿಜ್‌ಗೆ ಅಂತ "ಇತಿಹಾಸದಲ್ಲಿ ಈ ದಿನ" ಭಾಗಕ್ಕೆ ಒಂದೊಂದೇ ತಾರೀಖು ಹಿಡ್ಕೊಂಡು ನೋಟ್ಸ್ ಮಾಡ್ತಿದೀನಿ. ನವೆಂಬರ್ 7 ಅರ್ಧ ಗಂಟೇಲಿ ಮುಗಿಯುತ್ತೆ ಅನ್ಕೊಂಡಿದ್ದೆ, ಎರಡು ದಿನ ತಿಂತು. ತಿಂದಿದ್ದು ಒಂದೇ ಒಂದು ಸಾಲು, ರಷ್ಯಾ ಕ್ರಾಂತಿಯ ನಾಯಕ ಟ್ರಾಟ್ಸ್ಕಿ ಹುಟ್ಟಿದ ದಿನ. ಈಗಷ್ಟೇ ತಲೆಗೆ ಹೋಗಿದೆ, ಜಾರಿ ಹೋಗೋಕೆ ಮುಂಚೆ ಬರೆದಿಟ್ಟುಬಿಡ್ತೀನಿ.

ಮೊದಲು ಹುಟ್ಟುಹಬ್ಬಗಳು, ಬೇಗ ಬೇಗ

ಮೇರಿ ಕ್ಯೂರಿ 1867, ವಾರ್ಸಾ. ಸಿ.ವಿ. ರಾಮನ್ 1888, ತಿರುಚಿರಾಪಳ್ಳಿ. ಇಬ್ಬರ ಮಧ್ಯೆ ಸರಿಯಾಗಿ 21 ವರ್ಷ, ಒಂದು ನೆನಪಿದ್ರೆ ಇನ್ನೊಂದು ಬರುತ್ತೆ. ಕ್ಯೂರಿಗೆ ನೊಬೆಲ್ ಎರಡು ಸಲ, 1903ರಲ್ಲಿ ಭೌತಶಾಸ್ತ್ರ, 1911ರಲ್ಲಿ ರಸಾಯನಶಾಸ್ತ್ರ. ರಾಮನ್‌ಗೆ 1930ರಲ್ಲಿ. ರಾಷ್ಟ್ರೀಯ ವಿಜ್ಞಾನ ದಿನ ಫೆಬ್ರವರಿ 28 ಇರೋದು ರಾಮನ್ ಪರಿಣಾಮ ಕಂಡುಹಿಡಿದಿದ್ದಕ್ಕೆ, ಅದು ಅವರ ಹುಟ್ಟುಹಬ್ಬ ಅಲ್ಲ, ಇಲ್ಲಿ ತುಂಬ ಜನ ಎಡವ್ತಾರೆ. ಇವರ ಜೊತೆ ಕೊನ್ರಾಡ್ ಲೊರೆನ್ಜ್ 1903, ಆಲ್ಬರ್ಟ್ ಕಮೂ 1913, ಎರಿಕ್ ಕ್ಯಾಂಡೆಲ್ 1929, ಮೂವರೂ ನೊಬೆಲ್‌ನವರೇ. ಒಂದೇ ತಾರೀಖಿಗೆ ಐದು ಜನ ಅಂದ್ರೆ ನೋಟ್ಸ್ ಬರೆಯೋರಿಗೆ ಹಬ್ಬ.

ನಮ್ಮ ಇತಿಹಾಸದ ಕಡೆಯಿಂದ ಎರಡು: ಲಾಲ್-ಬಾಲ್-ಪಾಲ್ ಅಲ್ಲಿರೋ ಬಿಪಿನ್ ಚಂದ್ರ ಪಾಲ್ ಹುಟ್ಟಿದ್ದು 1858ರ ಇದೇ ದಿನ, ಕೊನೇ ಮೊಘಲ್ ಬಾದಶಹ ಬಹದ್ದೂರ್ ಶಾ ಜಫರ್ ರಂಗೂನ್‌ನಲ್ಲಿ ತೀರ್ಕೊಂಡಿದ್ದು 1862ರ ಇದೇ ದಿನ.

ಭೌತವಿಜ್ಞಾನಿ ಲೀಸ್ ಮೈಟ್ನರ್ 1878, ವಿಯೆನ್ನಾ. ಇಲ್ಲಿ ಸ್ವಲ್ಪ ಹುಷಾರು. ಅಲ್ಲಿನ ಯಹೂದಿ ಸಮುದಾಯದ ಜನನ ದಾಖಲೆ ಪುಸ್ತಕದಲ್ಲಿ ನವೆಂಬರ್ 17 ಅಂತಿದೆ, ಬೇರೆ ದಾಖಲೆಗಳಲ್ಲಿ 7, ಅವರೂ 7 ಅಂತಲೇ ಹೇಳ್ಕೊಳ್ತಿದ್ರು. ಹತ್ತು ದಿನ ವ್ಯತ್ಯಾಸ ನೋಡಿ ನಾನು ಇದೂ ಕ್ಯಾಲೆಂಡರ್ ಗಲಾಟೆಯೇ ಅನ್ಕೊಂಡು ಒಂದು ಗಂಟೆ ಹಾಳು ಮಾಡ್ಕೊಂಡೆ. ಅಲ್ಲ. 1878ರಲ್ಲಿ ಹಳೇ-ಹೊಸ ಕ್ಯಾಲೆಂಡರ್‌ಗಳ ಅಂತರ ಹತ್ತು ಆಗೋಕೆ ಸಾಧ್ಯವೇ ಇಲ್ಲ, ಹನ್ನೆರಡು ಇರ್ಬೇಕು. ಯಾಕೆ ಹನ್ನೆರಡು ಅನ್ನೋದೇ ಕೆಳಗಿನ ಕಥೆ. (ಮೈಟ್ನರ್‌ಗೆ ನೊಬೆಲ್ ಸಿಗ್ಲಿಲ್ಲ, ಆದ್ರೆ ಆವರ್ತ ಕೋಷ್ಟಕದಲ್ಲಿ 109ನೇ ಧಾತು ಮೈಟ್ನೇರಿಯಂ, ಕ್ಯೂರಿ ದಂಪತಿ ಹೆಸರಲ್ಲಿ 96ನೇದು ಕ್ಯೂರಿಯಂ.)

ಈಗ ನನ್ನನ್ನ ಬೀಳಿಸಿದ್ದು

ರಷ್ಯಾದ ಅಕ್ಟೋಬರ್ ಕ್ರಾಂತಿ ನವೆಂಬರ್ 7, 1917. ಹೆಸರಲ್ಲಿ ಅಕ್ಟೋಬರ್ ಯಾಕೆ ಅಂದ್ರೆ ಆಗ ಅಲ್ಲಿ ಜೂಲಿಯನ್ ಅನ್ನೋ ಹಳೇ ಕ್ಯಾಲೆಂಡರ್, ಅದರ ಪ್ರಕಾರ ಅವತ್ತು ಅಕ್ಟೋಬರ್ 25. ಇದು ಎಲ್ಲರಿಗೂ ಗೊತ್ತಿರೋದೇ. 25ಕ್ಕೆ 13 ಕೂಡಿಸಿ, 38, ಅಕ್ಟೋಬರ್‌ನ 31 ಕಳೆದ್ರೆ 7. ನಾನು "ರಷ್ಯಾ ಅಂದ್ರೆ 13 ಕೂಡಿಸು" ಅಂತ ಬರ್ಕೊಂಡು ಮುಂದೆ ಹೋದೆ.

ಆಮೇಲೆ ಟ್ರಾಟ್ಸ್ಕಿ ಬಂದ. ಹಳೇ ಲೆಕ್ಕದಲ್ಲಿ ಹುಟ್ಟಿದ್ದು 1879ರ ಅಕ್ಟೋಬರ್ 26. 13 ಕೂಡಿಸಿದೆ, ನವೆಂಬರ್ 8 ಬಂತು. ಪುಸ್ತಕಗಳಲ್ಲಿ ನೋಡಿದ್ರೆ ನವೆಂಬರ್ 7. ಪ್ರಿಂಟ್ ಮಿಸ್ಟೇಕ್ ಇರ್ಬೇಕು ಅಂತ ಧೈರ್ಯವಾಗಿ 8 ಅಂತಲೇ ಬರೆದೆ, ಒಂದು ಪ್ರಾಕ್ಟೀಸ್ ಕ್ವಿಜ್‌ನಲ್ಲಿ ಅದೇ ಉತ್ತರ ಕೊಟ್ಟು ಮಾರ್ಕ್ಸೂ ಕಳ್ಕೊಂಡೆ. ಅಕ್ಟೋಬರ್ 25 ಹೋಗಿ 7 ಆಗುತ್ತೆ ಸರಿ, 26 ಹೋಗಿ ಅದೂ 7 ಹೆಂಗಾಗುತ್ತೆ?

ತಪ್ಪು ಇದ್ದಿದ್ದು 13ರಲ್ಲಿ. ಆ ಅಂತರ ದೇಶಕ್ಕೆ ಸೇರಿದ್ದಲ್ಲ, ಕಾಲಕ್ಕೆ ಸೇರಿದ್ದು. ನಿಧಾನಕ್ಕೆ ಹೇಳ್ತೀನಿ, ನನಗೆ ನಾನೇ ನಾಲ್ಕು ಸಲ ಹೇಳ್ಕೋಬೇಕಾಯ್ತು. ಜೂಲಿಯನ್‌ನಲ್ಲಿ ನಾಲ್ಕು ವರ್ಷಕ್ಕೊಂದು ಅಧಿಕ ವರ್ಷ, ಯಾವ ವಿನಾಯ್ತಿನೂ ಇಲ್ಲ, 400 ವರ್ಷಕ್ಕೆ 100. ಈಗ ನಾವು ಬಳಸೋ ಹೊಸ ಕ್ಯಾಲೆಂಡರ್ ಗ್ರೆಗೋರಿಯನ್‌ನಲ್ಲಿ 00 ಇಂದ ಮುಗಿಯೋ ವರ್ಷ 400ರಿಂದ ಭಾಗ ಆಗದೇ ಇದ್ರೆ ಅದು ಅಧಿಕ ವರ್ಷ ಅಲ್ಲ, ಹಾಗಾಗಿ 400ಕ್ಕೆ 97. ಈಗ 1900 ತಗೊಳ್ಳಿ. ಹಳೇ ಕ್ಯಾಲೆಂಡರ್‌ನಲ್ಲಿ ಫೆಬ್ರವರಿ 28 ಆದ್ಮೇಲೆ 29 ಬಂತು, ಹೊಸದರಲ್ಲಿ 28 ಆದ್ಮೇಲೆ ನೇರ ಮಾರ್ಚ್ 1. ಅಲ್ಲಿವರೆಗೆ 12 ದಿನ ಹಿಂದಿದ್ದ ಹಳೇ ಕ್ಯಾಲೆಂಡರ್ ಇನ್ನೊಂದು ದಿನ ಹಿಂದೆ ಬಿತ್ತು, 13 ಆಯ್ತು. ಟ್ರಾಟ್ಸ್ಕಿ ಹುಟ್ಟಿದ್ದು 1900 ಆದ್ಮೇಲೆ ಅಲ್ಲ, ಅದಕ್ಕೆ ಮುಂಚೆ. ಅದಕ್ಕೇ ಅವನಿಗೆ 12: 26+12=38, 38-31=7. ಕ್ರಾಂತಿಗೆ 13: 25+13=38, 38-31=7. ಎರಡೂ 38! ಇದು ಕಂಡಾಗ ಒಬ್ಬನೇ ಕೂತು ನಕ್ಕೆ.

ಅಂದ್ರೆ ಹೊಸ ಕ್ಯಾಲೆಂಡರ್‌ನಲ್ಲಿ ಕ್ರಾಂತಿ ಆಗಿದ್ದು ಅವನ 38ನೇ ಹುಟ್ಟುಹಬ್ಬದ ದಿನವೇ, ಹಳೇದರಲ್ಲಿ ಹುಟ್ಟುಹಬ್ಬಕ್ಕೆ ಇನ್ನೊಂದು ದಿನ ಬಾಕಿ. ಆಗಿನ ಸರ್ಕಾರ ಕೂತಿದ್ದ ಚಳಿಗಾಲದ ಅರಮನೆ ಕ್ರಾಂತಿಕಾರರ ಕೈಗೆ ಸಿಕ್ಕಿದ್ದು ಆ ರಾತ್ರಿ ಕಳೆದು ನಸುಕಿನಲ್ಲಿ, ಅಂದ್ರೆ ಹಳೇದರ 26ಕ್ಕೆ, ಹೊಸದರ 8ಕ್ಕೆ. ಒಂದೇ ರಾತ್ರಿಗೆ ನಾಲ್ಕು ತಾರೀಖು, ತಲೆ ಕೆಡದೆ ಇನ್ನೇನು.

ನನ್ನ ಶಾರ್ಟ್‌ಕಟ್

ಇಸವಿಯ ಮೊದಲ ಎರಡು ಅಂಕಿ ತಗೊಳ್ಳಿ. ಅದರ ಕಾಲು ಭಾಗ ಕಳೆಯಿರಿ (ದಶಾಂಶ ಬಂದ್ರೆ ಬಿಟ್ಟುಬಿಡಿ), ಆಮೇಲೆ 2 ಕಳೆಯಿರಿ. ಉಳಿದಿದ್ದೇ ಅಂತರ.

1917: 19-4-2=13.
1879: 18-4-2=12.
1752: 17-4-2=11. ಬ್ರಿಟನ್ ಆ ವರ್ಷ ಸೆಪ್ಟೆಂಬರ್ 2ರಿಂದ ನೇರ 14ಕ್ಕೆ ಹಾರಿತು, ಹಾರಿಸಿದ್ದು 11 ದಿನ, ತಾಳೆ ಆಯ್ತು.
1582: 15-3-2=10. ಪೋಪ್ ಗ್ರೆಗೊರಿ ಹೊಸ ಕ್ಯಾಲೆಂಡರ್ ತಂದಾಗ ಅಕ್ಟೋಬರ್ 4ರ ಮರುದಿನ 15, ತಾಳೆ ಆಯ್ತು.

ಕಾಲು ಭಾಗ ಯಾಕೆ ಅಂದ್ರೆ ನಾಲ್ಕು ಶತಮಾನಕ್ಕೊಂದು ವಿನಾಯ್ತಿ ಇದೆಯಲ್ಲ (1600, 2000), ಅಲ್ಲಿ ಅಂತರ ಬೆಳೆಯಲ್ಲ. 2 ಯಾಕೆ ಅಂದ್ರೆ 200ರಿಂದ 300ರ ಮಧ್ಯೆ ಲೆಕ್ಕ ಹಾಕಿದ್ರೆ ಎರಡು ಕ್ಯಾಲೆಂಡರೂ ಒಂದೇ, ಅಂತರ ಸೊನ್ನೆ, ಅಲ್ಲಿಂದ ಎಣಿಕೆ ಶುರು. ಹುಷಾರಾಗಿರಬೇಕಾದ್ದು ಒಂದೇ: 1700, 1800, 1900 ಇಂಥ ವರ್ಷದ ಜನವರಿ-ಫೆಬ್ರವರಿ ಆದ್ರೆ ಹಿಂದಿನ ಶತಮಾನದ ಅಂತರವೇ ತಗೋಬೇಕು. ಮತ್ತೆ, ಯಾವಾಗ್ಲೂ ಘಟನೆ ನಡೆದ ಕಾಲದ ಅಂತರ, ನಾವು ನೆನಪಿಸ್ಕೊಳ್ತಿರೋ ವರ್ಷದ್ದಲ್ಲ. 2100ರ ಮಾರ್ಚ್ ಆದ್ಮೇಲೆ ಅಂತರ 14 ಆಗುತ್ತೆ, ಆಗ್ಲೂ ಕ್ರಾಂತಿ ದಿನ ನವೆಂಬರ್ 7ರಲ್ಲೇ ಇರುತ್ತೆ.

ಈ ಶಾರ್ಟ್‌ಕಟ್ ಸಿಕ್ಕಿದ್ಮೇಲೆ ಸಿಕ್ಕಸಿಕ್ಕಿದ್ದಕ್ಕೆಲ್ಲ ಹಚ್ಚಿ ನೋಡಿದೆ. ನ್ಯೂಟನ್ ಇಂಗ್ಲೆಂಡ್‌ನಲ್ಲಿ ಹುಟ್ಟಿದ್ದು 1642ರ ಡಿಸೆಂಬರ್ 25, ಹಳೇ ಲೆಕ್ಕ. 16-4-2=10, ಹೊಸದರಲ್ಲಿ 1643ರ ಜನವರಿ 4. ಗೆಲಿಲಿಯೋ ಇಟಲಿಯಲ್ಲಿ ತೀರ್ಕೊಂಡಿದ್ದು 1642ರ ಜನವರಿ 8, ಅದು ಹೊಸ ಲೆಕ್ಕ. "ಗೆಲಿಲಿಯೋ ಸತ್ತ ವರ್ಷವೇ ನ್ಯೂಟನ್ ಹುಟ್ಟಿದ" ಅಂತ ಎಷ್ಟು ಕಡೆ ಓದಿದೀವಿ, ಎರಡು ಬೇರೆ ಕ್ಯಾಲೆಂಡರ್ ಬೆರೆಸಿದ್ರೆ ಮಾತ್ರ ಅದು ನಿಜ.

ಅತಿ ಮಾಡ್ಬಾರ್ದು ಅನ್ನೋದಕ್ಕೂ ಇದೇ ತಾರೀಖಲ್ಲಿ ಉದಾಹರಣೆ ಇದೆ. 1492ರ ನವೆಂಬರ್ 7ಕ್ಕೆ ಈಗಿನ ಫ್ರಾನ್ಸ್‌ನಲ್ಲಿರೋ ಎನ್ಸಿಸ್‌ಹೈಮ್ ಊರಿನ ಹತ್ರ ಗೋಧಿ ಹೊಲಕ್ಕೆ ಉಲ್ಕಾಶಿಲೆ ಬಿತ್ತು. 14-3-2=9, ನವೆಂಬರ್ 16 ಅಂತ ಬರೀಬೇಕಾ? ಬೇಡ. 1582ಕ್ಕೆ ಮುಂಚಿನ ಯುರೋಪಿನ ತಾರೀಖುಗಳನ್ನ ರೂಢಿಯಲ್ಲಿ ಇದ್ದ ಹಾಗೇ ಬಿಡ್ತಾರೆ.

ಉಳಿದಿದ್ದು

1929ರಲ್ಲಿ ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಶುರುವಾಯ್ತು, ಷೇರುಪೇಟೆ ಕುಸಿದು ಒಂಬತ್ತೇ ದಿನಕ್ಕೆ (ಕ್ಯಾಂಡೆಲ್ ಹುಟ್ಟಿದ್ದೂ ಅವತ್ತೇ). 1940ರಲ್ಲಿ ಅಮೆರಿಕದ ಟಕೋಮಾ ನ್ಯಾರೋಸ್ ಸೇತುವೆ ಗಾಳಿಗೆ ತಿರುಚಿಕೊಂಡು ಮುರಿದು ಬಿತ್ತು, ಜುಲೈ 1ಕ್ಕೆ ತೆರೆದಿದ್ದು, ನಾಲ್ಕೇ ತಿಂಗಳು. ಸತ್ತಿದ್ದು ಕಾರಲ್ಲಿ ಸಿಕ್ಕಿಹಾಕ್ಕೊಂಡಿದ್ದ ಒಂದು ನಾಯಿ ಮಾತ್ರ. ಇವೆಲ್ಲ ಹೊಸ ಕ್ಯಾಲೆಂಡರ್‌ದೇ, ಏನೂ ಕೂಡಿಸೋದು ಬೇಡ.

ಕೈ ಪಳಗೋಕೆ ಒಂದು: ಲೆನಿನ್ ಹುಟ್ಟಿದ್ದು ಹಳೇ ಲೆಕ್ಕದಲ್ಲಿ 1870ರ ಏಪ್ರಿಲ್ 10. ಹೊಸದರಲ್ಲಿ ಎಷ್ಟು? 22 ಬಂದ್ರೆ ಸರಿ, 23 ಬಂದ್ರೆ ನೀವೂ ನನ್ನ ಹಾಗೇ 13 ಕೂಡಿಸಿದೀರಿ.